ತಿಗರಿಯ ಉಪಮಾನವೂ ಮಂದಕಾಂತಿಯ ಗೆಲಾಕ್ಸಿಗಳೂ

ಮೈಸೂರಿನ ಕುಂಬಾರಕೊಪ್ಪಲು ಎಂಬ ಹೆಸರಿನಲ್ಲಿಯೇ ತಿಗರಿಯ ಸ್ಮರಣೆಯಿದೆ. ಬಿಲ್ಲೆಯಾಕಾರದ ಗೆಲಾಕ್ಸಿಗಳ ಹುಟ್ಟನ್ನು ಕನ್ನಡದಲ್ಲಿ ಬೋಧಿಸುವವರಿಗೆ ಆ ಉಪಮಾನವು ತಾನಾಗಿ ಒದಗುವುದು. ಅದರ ಔಚಿತ್ಯವು ವಿಚಾರಾರ್ಹವಾದುದು.

ತಿರುಗುವಿಕೆಯೊಂದೇ ಇಲ್ಲಿಯ ಸಾಧಾರಣಧರ್ಮ. ತಿಗರಿಗೆ ಕುಂಬಾರನ ಕೈ ಬೇಕು. ಗೆಲಾಕ್ಸಿಯಲ್ಲಾದರೋ, ಕಪ್ಪು ದ್ರವ್ಯದ ಗುರುತ್ವಕ್ಕೆ ಸಿಕ್ಕಿ ಕುಸಿಯುವ ಅನಿಲವು ತನ್ನಲ್ಲಿ ಮೊದಲೇ ಇದ್ದ ಕೋನೀಯ ಸಂವೇಗದಿಂದ ಬಿಲ್ಲೆಯಾಗುವುದು. ಆ ಸಂವೇಗವು ಅಧಿಕವಾದಲ್ಲಿ ಅನಿಲವು ಹರಡಿ ವಿರಳವಾಗಿ, ನಕ್ಷತ್ರಗಳು ನಿಧಾನವಾಗಿ ಹುಟ್ಟಿ, ಗೆಲಾಕ್ಸಿಯು ಮಂದಕಾಂತಿಯದಾಗುವುದೆಂಬುದು ಬಹುಮಟ್ಟಿಗೆ ಅಂಗೀಕೃತವಾದ ವಿವರಣೆ. ಮಡಕೆಯ ಆಕಾರವು ಆವೆಯಲ್ಲಿ ಸುಟ್ಟೊಡನೆ ನಿಲ್ಲುವುದು. ಇಂತಹ ಗೆಲಾಕ್ಸಿಗಳ ಅನಿಲವು ಇನ್ನೂ ನಕ್ಷತ್ರವಾಗುತ್ತಲೇ ಇದೆ.

ಮಂದಕಾಂತಿಯನ್ನು ದಾರಿದ್ರ್ಯವೆಂದೆಣಿಸಲಾಗದು. 1987ರಲ್ಲಿ ಪ್ರಕಟವಾದ ಮಾಲಿನ್ 1 ಎಂಬ ಗೆಲಾಕ್ಸಿಯ ಬಿಲ್ಲೆಯು ನಮ್ಮ ಆಕಾಶಗಂಗೆಯದಕ್ಕಿಂತ ಹಲವು ಪಟ್ಟು ವಿಶಾಲ, ಅನಿಲದಲ್ಲಿಯೂ ಸಮೃದ್ಧ. ಬಿಲ್ಲೆಗಳ ನಡುಭಾಗದ ಕಾಂತಿಯು ಬಹುತೇಕ ಒಂದೇ ಎಂದು 1970ರಲ್ಲಿ ಫ್ರೀಮನ್ ಕಂಡರು. ಇರುಳಿನ ಆಗಸದ ಬೆಳಕಿನಲ್ಲಿ ಮಂಕಾದವು ಎಣಿಕೆಗೆ ಸಿಕ್ಕದಿರುವುದೇ ಇದಕ್ಕೆ ಕಾರಣವಾಗಿರಬಹುದೆಂದು 1976ರಲ್ಲಿ ಡಿಸ್ನಿ ವಾದಿಸಿದರು. ದೊರೆತ ಗ್ರಂಥಗಳಿಂದಲೇ ಯುಗವನ್ನು ಅಳೆಯುವ ಸಾಹಿತ್ಯಚರಿತ್ರಕಾರರಿಗೂ ಈ ಎಚ್ಚರವು ಸಲ್ಲುವುದು.

ಉಪಮಾನವನ್ನು ತ್ಯಜಿಸಬೇಕಾಗಿಲ್ಲ, ತಿಗರಿಯನ್ನಿರಿಸಿಕೊಂಡು ಕುಂಬಾರನನ್ನೂ ಆವೆಯನ್ನೂ ಬಿಟ್ಟರೆ ಸಾಕು.