ಉಳಿದವರ ಬಾಗಿಲಿಗೆ ಹೋಗುವವರು ಯಾರು?

ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಓಡಾಡಿದವರಿಗೆ ಇಲ್ಲಿನ ಕ್ರೈಸ್ತ ಸಮುದಾಯ ಸೊರಗುತ್ತಿದೆ ಎಂದರೆ ನಂಬಿಕೆ ಬಾರದು. 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಶಾಲೆ ಇಂದಿಗೂ ಹೆಸರುವಾಸಿ. 1869ರ ಸೇಂಟ್ ಮೇರೀಸ್ ಚರ್ಚ್‌ನ ಕಲ್ಲಿನ ಕಟ್ಟಡ ಗಟ್ಟಿಯಾಗಿ ನಿಂತಿದೆ. ಫಾತಿಮಾ ಕೆಥೆಡ್ರಲ್ ಇದೆ, ಕಾನ್ವೆಂಟುಗಳಿವೆ. ಆದರೆ ಖಾನಾಪುರ ತಾಲ್ಲೂಕಿನ ಹಳ್ಳಿಗಳ ಪ್ರಾರ್ಥನಾ ಮಂದಿರಗಳಲ್ಲಿ ಭಾನುವಾರ ಕೂರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಮಕ್ಕಳು ಗೋವಾ, ಪುಣೆ, ಕೊಲ್ಲಿ ದೇಶಗಳ ದಾರಿ ಹಿಡಿದಿದ್ದಾರೆ. ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಕ್ರೈಸ್ತರ ಪ್ರಮಾಣ 2001ರಲ್ಲಿ ಶೇ 1.91 ಇದ್ದದ್ದು 2011ಕ್ಕೆ ಶೇ 1.87ಕ್ಕೆ ಇಳಿಯಿತು. ಬೆಳಗಾವಿ ಜಿಲ್ಲೆಯಲ್ಲಂತೂ ಅದು ಶೇ 1ನ್ನೂ ಮುಟ್ಟುವುದಿಲ್ಲ. ಜನ ಕರಗುತ್ತಿರುವ ಇಂಥ ಕಡೆ ಚರ್ಚ್ ಮಾಡುತ್ತಿರುವ ಸೇವೆಯನ್ನು ಹೇಗೆ ಅಳೆಯಬೇಕು?

ಈ ನೆಲದ ಕ್ರೈಸ್ತರು ಒಂದೇ ದಾರಿಯಲ್ಲಿ ಬಂದವರಲ್ಲ. 1820ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬಂದು ಬೆಳಗಾವಿಯಲ್ಲಿ ಕೆಲಸ ಆರಂಭಿಸಿದರು. 1904ರಲ್ಲಿ ಆ ಕ್ಷೇತ್ರ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. ಖಾನಾಪುರದ ಕಡೆಯ ಕೆಥೊಲಿಕರಲ್ಲಿ ಬಹಳ ಮಂದಿ ಗೋವಾದಿಂದ ಘಟ್ಟ ಹತ್ತಿ ಬಂದ ಕುಟುಂಬಗಳವರು. ಅವರಿದ್ದ ಪ್ರದೇಶಗಳನ್ನು ಗೋವಾ ಮತ್ತು ಪುಣೆಯ ಧರ್ಮಪ್ರಾಂತ್ಯಗಳಿಂದ ಬಿಡಿಸಿ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ರಚಿಸಲಾಯಿತು. ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ನಿನಲ್ಲಿ ರೈಲ್ವೆಯ ಆಂಗ್ಲೋ ಇಂಡಿಯನ್ ಮತ್ತು ಗೋವನ್ ಕುಟುಂಬಗಳಿದ್ದವು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ಆ ಜಂಕ್ಷನ್ನಿನ ಹಳೆಯ ಗದ್ದಲವೂ ತಗ್ಗಿತು. ಹೀಗಾಗಿ ಸಮುದಾಯ ಕುಗ್ಗಲು ನಂಬಿಕೆ ಕಡಿಮೆಯಾದದ್ದೇ ಕಾರಣ ಎನ್ನುವ ಪ್ರವಚನದ ಮಾತು ಇಲ್ಲಿಗೆ ಹೊಂದುವುದಿಲ್ಲ. ಜನ ದೇವರನ್ನು ಬಿಟ್ಟು ಹೋಗಲಿಲ್ಲ, ದುಡಿಮೆ ಹುಡುಕಿಕೊಂಡು ಹೋದರು.

ಚರ್ಚ್‌ನ ಸೇವೆಯಲ್ಲಿ ಮೊದಲು ಕಾಣುವುದು ಶಾಲೆ. ಜಾತಿ, ಮತ ನೋಡದೆ ತಲೆಮಾರುಗಳಿಗೆ ಅಕ್ಷರ ಕೊಟ್ಟ ಈ ಕೆಲಸಕ್ಕೆ ಪೂರ್ಣ ಅಂಕ ಸಲ್ಲಬೇಕು. ಆದರೆ ಓದಿದ ಹುಡುಗ, ಹುಡುಗಿ ಊರಲ್ಲಿ ಕೆಲಸವಿಲ್ಲದೆ ಹೊರಟು ನಿಂತಾಗ ಹಿಂದೆ ಉಳಿದ ಅಪ್ಪ ಅಮ್ಮನ ಹೊಣೆ ಯಾರದು ಎಂಬುದನ್ನು ಸಂಸ್ಥೆಗಳು ಯೋಚಿಸಿದ್ದು ಕಡಿಮೆ. ಎರಡನೆಯದು ಹಬ್ಬ. ಊರಹಬ್ಬಕ್ಕೆ ದೂರದವರೆಲ್ಲ ಬರುತ್ತಾರೆ, ಚರ್ಚ್ ತುಂಬುತ್ತದೆ, ಬಣ್ಣ ಬಳಿಯಲು ದುಡ್ಡೂ ಸೇರುತ್ತದೆ. ಆ ಒಂದು ದಿನದ ಸಂದಣಿಯನ್ನು ನೋಡಿ ಸಭೆ ಚೆನ್ನಾಗಿದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಉಳಿದ ದಿನಗಳಲ್ಲಿ ಹಾಸಿಗೆ ಹಿಡಿದ ಅಜ್ಜಿಗೆ ಪರಮಪ್ರಸಾದ ತಲುಪುತ್ತದೆಯೇ, ಗುಳಿಗೆ ಮುಗಿದಾಗ ಖಾನಾಪುರಕ್ಕೆ ಹೋಗಿ ತರುವವರಿದ್ದಾರೆಯೇ ಎಂಬುದೇ ನಿಜವಾದ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಗೆಲ್ಲುವ ಕೆಲಸವೆಂದರೆ ಮನೆಭೇಟಿ. ಅದರ ದೊಡ್ಡ ಕೊರತೆಯೂ ಕಣ್ಣೆದುರೇ ಇದೆ: ಎಲ್ಲವೂ ಒಬ್ಬ ಫಾದರ್ ಅಥವಾ ಒಬ್ಬ ಪಾಸ್ಟರ್ ಮೇಲೆ ನಿಂತಿದೆ. ಕೆಥೊಲಿಕ್ ಗುರುಗಳಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ. ಮೆಥೊಡಿಸ್ಟರಲ್ಲಿ ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ ನೇಮಕಗಳನ್ನು ಓದುತ್ತಾರೆ. ಯಾವ ಮನೆಯಲ್ಲಿ ಯಾರಿಗೆ ಕಿವಿ ಕೇಳಿಸದು, ಯಾರ ಮಗ ಫೋನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಳ್ಳುವ ಹೊತ್ತಿಗೆ ಅವರು ಪೆಟ್ಟಿಗೆ ಕಟ್ಟಿರುತ್ತಾರೆ. ದೊಡ್ಡ ಸಭೆಗೆ ಈ ಪದ್ಧತಿ ಹೊಸ ಉಸಿರು ತರಬಹುದು. ಹತ್ತಿಪ್ಪತ್ತು ಮನೆಗಳ ಸಭೆಗೆ ಪ್ರತಿ ವರ್ಗಾವಣೆಯೂ ಹೊಸದಾಗಿ ಅನಾಥವಾದಂತೆ.

ಹಳೆಯ ಮಿಷನ್ ಈ ವಿಷಯದಲ್ಲಿ ಹೆಚ್ಚು ತಿಳಿವಳಿಕೆ ತೋರಿತ್ತು. ಪ್ರೊಟೆಸ್ಟಂಟ್ ಮಿಷನ್‌ಗಳು ಮನೆ ಮನೆಗೆ ಹೋಗಿ ಬೈಬಲ್ ಓದಿ ಹೇಳುವ ‘ಬೈಬಲ್ ಸ್ತ್ರೀ’ಯರನ್ನು ಸಂಬಳ ಕೊಟ್ಟು ನೇಮಿಸುತ್ತಿದ್ದವು. ಕೆಥೊಲಿಕ್ ಹಳ್ಳಿಗಳಲ್ಲಿ ಉಪದೇಶಿಗಳಿದ್ದರು. ಇವರು ಆ ನೆಲದವರೇ, ಆ ಭಾಷೆಯವರೇ. ಗಡಿಯ ಈ ತಾಲ್ಲೂಕಿನಲ್ಲಿ ಭಾಷೆ ಸಣ್ಣ ಮಾತಲ್ಲ. ಕೊಂಕಣಿಯಲ್ಲಿ ಜಪಮಾಲೆ ಹೇಳಿ, ಸಂತೆಯಲ್ಲಿ ಮರಾಠಿ ಆಡಿ, ಕಚೇರಿಯಲ್ಲಿ ಕನ್ನಡದ ಅರ್ಜಿ ಕೊಡುವ ಮುದುಕಿಗೆ ಬೇಕಾದದ್ದು ಮೂರೂ ಬಲ್ಲ ನೆರೆಯವಳು. ವೃದ್ಧಾಪ್ಯ ವೇತನದ ಕಾಗದ ತುಂಬಿಸುವುದೂ ಇಲ್ಲಿ ಸುವಾರ್ತೆಯ ಕೆಲಸವೇ.

ಮನೆಭೇಟಿಗೆ ಇಂಥ ಊರಿನವಳೇ ಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಮತಾಂತರ ನಿಷೇಧದ ಮಸೂದೆಯನ್ನು ವಿಧಾನಸಭೆ 2021ರ ಡಿಸೆಂಬರಿನಲ್ಲಿ ಅಂಗೀಕರಿಸಿದ್ದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಪ್ರಾರ್ಥನೆಗೆಂದು ಒಂದು ಮನೆಯಲ್ಲಿ ನಾಲ್ಕು ಜನ ಸೇರಿದರೂ ಅನುಮಾನದಿಂದ ನೋಡುವ ಕಣ್ಣುಗಳು ಇಂದು ಇವೆ. ಬಾಗಿಲು ಮುಚ್ಚಿಕೊಂಡು ಒಳಗೇ ಉಳಿಯುವುದು ಅದಕ್ಕೆ ಉತ್ತರವಾಗದು. ಊರಿಗೆಲ್ಲ ಪರಿಚಯವಿರುವ ಹೆಣ್ಣುಮಗಳು ಕ್ರೈಸ್ತರ ಮನೆಗೂ ಪಕ್ಕದ ಮರಾಠರ ಮನೆಗೂ ಒಂದೇ ಕಾಳಜಿಯಿಂದ ಹೋದರೆ, ಆ ಸೇವೆ ಏನೆಂಬುದನ್ನು ಊರೇ ಸಾಕ್ಷಿ ನುಡಿಯುತ್ತದೆ. ಮಕ್ಕಳು ದೂರ ಹೋದ ಮನೆಗಳ ಒಂಟಿತನಕ್ಕೆ ಮತವಿಲ್ಲ.

ಬೆಳಗಾವಿ, ಖಾನಾಪುರಗಳ ಚರ್ಚ್ ಸೇವೆಯಲ್ಲಿ ಹೃದಯವಿದೆ, ಹಂಚಿಕೆ ಸರಿಯಿಲ್ಲ. ಹಣವೂ ಆಳೂ ನಗರದ ಸಂಸ್ಥೆಗಳಲ್ಲಿ ಕೂಡಿಕೊಂಡಿವೆ, ಅಗತ್ಯ ಇರುವುದು ಘಟ್ಟದಂಚಿನ ಹಳ್ಳಿಗಳಲ್ಲಿ. ಧರ್ಮಪ್ರಾಂತ್ಯವೂ ಮೆಥೊಡಿಸ್ಟ್ ಸಭೆಯೂ ಕೂಡಿ ಪ್ರತಿ ಹಳ್ಳಿಗುಂಪಿಗೆ ಒಬ್ಬ ಸ್ಥಳೀಯ ಮಹಿಳೆಯನ್ನು ತರಬೇತಿ, ಸಂಬಳ ಕೊಟ್ಟು ನೇಮಿಸಲಿ. ನಗರದ ಶಾಲೆಗಳ ಆದಾಯದಲ್ಲಿ ಒಂದು ಪಾಲನ್ನು ಅದಕ್ಕೆ ಮೀಸಲಿಡಲಿ. ಹಬ್ಬಕ್ಕೆ ಬರುವ ಮಕ್ಕಳೂ ಬಣ್ಣಕ್ಕೆ ಕೊಡುವ ಮೊದಲು ಇದಕ್ಕೆ ಕೊಡಲಿ. ಸಭೆಯ ಸಂಖ್ಯೆ ಇದರಿಂದ ಹೆಚ್ಚದೇ ಇರಬಹುದು. ಆದರೂ ಈ ಕೆಲಸ ಆಗಲೇಬೇಕು.