ಅಜ್ಜನ ಫ್ಲೂಗಲ್‌ಹಾರ್ನ್, ಫಿಲ್‌ನ ಟ್ರಾಂಬೋನ್

‘ಬ್ರಾಸ್ಡ್ ಆಫ್’ (1996) ಸಿನಿಮಾ ನೋಡಿದವರೆಲ್ಲ ಅದರ ಕೊನೆಯ ಭಾಷಣದ ಬಗ್ಗೆ ಮಾತಾಡ್ತಾರೆ. ಆಲ್ಬರ್ಟ್ ಹಾಲ್‌ನಲ್ಲಿ ಕಪ್ ಗೆದ್ದ ಬ್ಯಾಂಡಿನ ವಯಸ್ಸಾದ ಕಂಡಕ್ಟರ್ ಡ್ಯಾನಿ, ಸಂಗೀತಕ್ಕಿಂತ ಮನುಷ್ಯರು ಮುಖ್ಯ ಅಂತ ಹೇಳಿ ಕಪ್ ಬೇಡ ಅಂತಾನೆ. ಪೀಟ್ ಪೋಸ್ಟಲ್‌ತ್ವೇಟ್ ಅದ್ಭುತ ನಟ, ಒಪ್ಪೋಣ. ಆದರೆ ಅಪ್ಪ ತೀರಿಕೊಂಡ ವರ್ಷ ಎರಡನೇ ಸಲ ನೋಡಿದಾಗ ನನಗೆ ಹಿಡಿಸಿದ್ದು ಭಾಷಣ ಅಲ್ಲ, ಒಂದು ಸಾಧಾರಣ ಪ್ರಾಕ್ಟೀಸ್ ಸಂಜೆ.

ನಮಗೆ ಬ್ಯಾಂಡ್ ಅಂದ್ರೆ ಮದುವೆ ಮೆರವಣಿಗೆ. ಯಾರ್ಕ್‌ಷೈರ್‌ನ ಗಣಿ ಊರುಗಳಲ್ಲಿ ಅದು ಕಲ್ಲಿದ್ದಲು ಅಗೆದು ಬಂದವರು ಕಾರ್ನೆಟ್, ಟ್ಯೂಬಾ ಹಿಡಿದು ಕೂರುತ್ತಿದ್ದ ಜಾಗ. ಸುಮಾರು 25 ಜನ, ಎಲ್ಲರೂ ಹವ್ಯಾಸಿಗಳು. ಸಿನಿಮಾದ ಗ್ರಿಮ್ಲಿ ಊರು ಕಾಲ್ಪನಿಕ, ಅದರ ಹಿಂದಿರೋದು ಗ್ರೈಮ್‌ಥಾರ್ಪ್. 1992ರ ಅಕ್ಟೋಬರ್‌ನಲ್ಲಿ ಗಣಿಗಳನ್ನು ಮುಚ್ಚುವ ಘೋಷಣೆ ಬಂದ ಕೆಲವೇ ದಿನಗಳಲ್ಲಿ ಅಲ್ಲಿನ ಬ್ಯಾಂಡ್ ರಾಷ್ಟ್ರೀಯ ಸ್ಪರ್ಧೆ ಗೆದ್ದಿತು. ಮರುವರ್ಷ ಗಣಿಗೆ ಬೀಗ ಬಿತ್ತು. ಸಿನಿಮಾದಲ್ಲಿ ಕೇಳೋದು ಆ ಬ್ಯಾಂಡಿನ ವಾದನವನ್ನೇ.

ಪ್ರಾಕ್ಟೀಸ್ ಕೋಣೆಗೆ ಗ್ಲೋರಿಯಾ ಬರ್ತಾಳೆ, ಕೈಯಲ್ಲಿ ತೀರಿಹೋದ ಅಜ್ಜನ ಫ್ಲೂಗಲ್‌ಹಾರ್ನ್. ಅಜ್ಜನ ಹೆಸರು ಬರುತ್ತೆ, ಸಂತಾಪದ ಮಾತು ಬೆಳೆಯಲ್ಲ. ಡ್ಯಾನಿ ರೊಡ್ರಿಗೊ ಅವರ ‘ಅರಾನ್‌ಹ್ವೆಸ್’ ಕನ್ಸರ್ಟೊ ಹೇಳ್ತಾನೆ (ಅವನ ಬಾಯಲ್ಲಿ ಅದು ‘ಆರೆಂಜ್ ಜ್ಯೂಸ್’ ಆಗುತ್ತೆ). 1939ರಲ್ಲಿ ಗಿಟಾರ್‌ಗೆ ಬರೆದ ಕೃತಿ ಅದು. ಅದರ ನಿಧಾನಗತಿಯ ಭಾಗದ ಹಿಂದೆ, ಮೊದಲ ಕೂಸು ಗರ್ಭದಲ್ಲೇ ಹೋದ ಸಂಕಟವೂ ಇದೆ ಅಂತ ರೊಡ್ರಿಗೊ ಅವರ ಹೆಂಡತಿ ಮುಂದೆ ಬರೆದುಕೊಂಡರು. ಸಿನಿಮಾ ಇದನ್ನೆಲ್ಲ ವಿವರಿಸಲ್ಲ, ಸದ್ಯ. ಅವಳು ಊದ್ತಾಳೆ, ಬ್ಯಾಂಡ್ ಬಿಡಬೇಕು ಅಂತಿದ್ದ ಗಂಡಸರು ಸುಮ್ಮನೆ ಕೂತು ಜೊತೆಗೂಡ್ತಾರೆ. ಸಾವಿನ ಮನೆಗೆ ಬಂದವರು ಏನು ಮಾತಾಡಬೇಕು ಅಂತ ತಡಕಾಡೋದನ್ನ ನೋಡಿದ್ದೀವಲ್ಲ. ಈ ಕೋಣೇಲಿ ಆ ಕಷ್ಟ ಇಲ್ಲ. ಬಾಯಿಗೆ ಬೇರೆ ಕೆಲಸ ಇದೆ.

ಸಿನಿಮಾ ಎಡವೋದು ಡ್ಯಾನಿಯ ಮಗ ಫಿಲ್ ವಿಷಯದಲ್ಲಿ. ಅವನು ಸಾಲದಲ್ಲಿ ಮುಳುಗಿದ್ದಾನೆ. ಆದರೂ ಅಪ್ಪನ ಒತ್ತಾಯಕ್ಕೆ ಹೊಸ ಟ್ರಾಂಬೋನ್ ಕೊಳ್ತಾನೆ. ಮನೆ ಸಾಮಾನು ಹೋಗುತ್ತೆ, ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗ್ತಾಳೆ, ಅವನು ನೇಣಿಗೆ ಕೊರಳೊಡ್ಡಿ ಬದುಕುಳೀತಾನೆ. ಬ್ಯಾಂಡ್ ಒಂದು ಮನೆಯಿಂದ ಏನೆಲ್ಲ ಕಿತ್ಕೊಳ್ಳಬಹುದು ಅಂತ ನಿರ್ದೇಶಕ ಮಾರ್ಕ್ ಹರ್ಮನ್ ಮುಚ್ಚುಮರೆ ಇಲ್ಲದೆ ತೋರಿಸಿದ್ದಾರೆ, ಅದಕ್ಕೆ ಪೂರ್ತಿ ಅಂಕ. ಆಮೇಲೆ? ನೋಡಿದ್ರೆ ಫಿಲ್ ಆಲ್ಬರ್ಟ್ ಹಾಲ್‌ನಲ್ಲಿ ಕೂತಿದ್ದಾನೆ!

ಹಿತ್ತಾಳೆ ವಾದ್ಯಕ್ಕೆ ವಾಪಸಾಗೋದು ಹಾಗಲ್ಲ. ಕೆಲವು ವಾರ ಊದದಿದ್ರೆ ತುಟಿಯ ಸ್ನಾಯು ಸಡಿಲಾಗುತ್ತೆ, ಮೇಲಿನ ಸ್ವರ ಒಡೆಯುತ್ತೆ, ಬೇಗ ಸುಸ್ತಾಗುತ್ತೆ. ಗಂಟಲು ಬಿಗಿದಿದ್ರೆ ಉಸಿರೇ ಸರಿಯಾಗಿ ಹೋಗಲ್ಲ. ಪಕ್ಕದಲ್ಲಿ ಕೂತವನಿಗೆ ಅದು ಕೇಳ್ಸುತ್ತೆ ಕೂಡ. ಎಲ್ಲವನ್ನೂ ಕಸಿದ ಆ ಟ್ರಾಂಬೋನಿನ ಪೆಟ್ಟಿಗೆಯನ್ನು ಫಿಲ್ ಮತ್ತೆ ಮೊದಲ ಸಲ ತೆರೆದದ್ದು ಹೇಗೆ? ಅವನ ಜೊತೆಯವರು ಏನಂದ್ರು, ಅಥವಾ ಏನೂ ಅನ್ನಲಿಲ್ವಾ? ಆ ಐದು ನಿಮಿಷ ಸಿಗೋದಾದ್ರೆ, ಕೊನೇಲಿ ಬಸ್ ಮೇಲೆ ಎಲ್ಗರ್ ನುಡಿಸ್ತಾ ಪಾರ್ಲಿಮೆಂಟ್ ದಾಟುವ ದೃಶ್ಯವನ್ನ ನಾನು ಪೂರ್ತಿ ಬಿಟ್ಟುಕೊಡ್ತೀನಿ.