ಒಂದು ಎಂಜಿನ್, ಒಂದು ದಿನ: ಹಳೆಯ ಡೀಸೆಲ್ ಮಾದರಿಗಳ ಸತ್ಯಾಸತ್ಯ

ಪುಟ್ಟ ರೈಲು ಮಾದರಿಗಳನ್ನು ಮಕ್ಕಳ ಆಟಿಕೆ ಎಂದು ಭಾವಿಸುವವರೇ ಹೆಚ್ಚು. ಆದರೆ ಹಳೆಯ ಎಂಜಿನ್ನೊಂದನ್ನು ಅಳತೆಗೆ ತಕ್ಕಂತೆ ಕಿರಿದು ಮಾಡಿ ಕಟ್ಟುವವನು ಮಾಡುವುದು ಚರಿತ್ರೆಯ ಕೆಲಸ. ಅವನು ಅಂಟಿಸುವ ಒಂದೊಂದು ಕೊಳವೆಯೂ, ಬಳಿಯುವ ಒಂದೊಂದು ಪಟ್ಟಿಯೂ “ಇದು ಹೀಗಿತ್ತು” ಎಂಬ ಹೇಳಿಕೆ. ಆ ಹೇಳಿಕೆಗೆ ಆಧಾರವೇನು ಎಂದು ಕೇಳುವ ವಿಮರ್ಶೆ ನಮ್ಮಲ್ಲಿ ಕಡಿಮೆ. ನಮಗೆಲ್ಲ ಪರಿಚಿತವಾದ ಒಂದು ಎಂಜಿನ್ನನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಕೇಳಬಹುದು.

ಅದು ಭಾರತೀಯ ರೈಲ್ವೆಯ ಡಬ್ಲ್ಯುಡಿಎಂ-2. 2,600 ಅಶ್ವಶಕ್ತಿ, 16 ಸಿಲಿಂಡರು, ಆರು ಜೊತೆ ಗಾಲಿ. ಹೆಸರು ಭಾರತದ್ದಾದರೂ ಹುಟ್ಟು ಅಮೆರಿಕದ್ದು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಅಮೆರಿಕನ್ ಲೋಕೋಮೋಟಿವ್ ಕಂಪನಿ, ಅಂದರೆ ಆಲ್ಕೊ, 1962ರಲ್ಲಿ ಇದರ ಮೊದಲ ಎಂಜಿನ್ನುಗಳನ್ನು ಕಟ್ಟಿತು. 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಪರವಾನಗಿ ಪಡೆದು ಅದನ್ನು ತಯಾರಿಸತೊಡಗಿತು. 1969ರಲ್ಲಿ ಆಲ್ಕೊ ಎಂಜಿನ್ ಕಟ್ಟುವುದನ್ನೇ ನಿಲ್ಲಿಸಿತು. ವಾರಾಣಸಿಯಲ್ಲಿ ಅದೇ ವಿನ್ಯಾಸ ದಶಕಗಟ್ಟಲೆ ಮುಂದುವರಿದು 2,500ಕ್ಕೂ ಹೆಚ್ಚು ಎಂಜಿನ್ನುಗಳಾದವು. ತವರುಮನೆ ಮುಚ್ಚಿದ ಮೇಲೂ ದೂರದ ಊರಿನಲ್ಲಿ ಬೆಳೆದ ಸಂಸಾರವಿದು. ಬೆಂಗಳೂರಿನ ಕೃಷ್ಣರಾಜಪುರದ ಡೀಸೆಲ್ ಶೆಡ್ಡಿನಲ್ಲೂ ಇವುಗಳ ದೊಡ್ಡ ಬಳಗವೇ ಇತ್ತು.

ಈ ದೀರ್ಘಾಯುಷ್ಯವೇ ಮಾದರಿ ಕಟ್ಟುವವನಿಗೆ ತೊಡಕು. ಮೊದಲ ಎಂಜಿನ್ನುಗಳಿಗಿದ್ದದ್ದು ವ್ಯಾಕ್ಯೂಮ್ ಬ್ರೇಕ್. ಏರ್ ಬ್ರೇಕ್ ಆಮೇಲೆ ಸೇರಿತು. 1970ರ ದಶಕದ ಕೊನೆಯಲ್ಲಿ ಕೆಲವಕ್ಕೆ ಗಿಡ್ಡ ಮೂತಿಯನ್ನು ಪೂರ್ತಿ ಅಗಲ ಮಾಡಿ ದೊಡ್ಡ ಕಿಟಕಿ ಇಟ್ಟರು. ಅಭಿಮಾನಿಗಳು ಅವನ್ನು ‘ಜಂಬೊ’ ಎಂದು ಕರೆದರು. ಹಲವನ್ನು ಮುಂದೆ ಬಿಚ್ಚಿ, 3,100 ಅಶ್ವಶಕ್ತಿಗೆ ಏರಿಸಿ ಮರುನಿರ್ಮಿಸಿದರು. ಬಣ್ಣವಂತೂ ಶೆಡ್ಡಿನಿಂದ ಶೆಡ್ಡಿಗೆ ಬೇರೆ. ಎಂಜಿನ್ ಸಂಖ್ಯೆಯೂ ದಾರಿ ತಪ್ಪಿಸುತ್ತದೆ. 18ರಿಂದ ಆರಂಭವಾಗುವ ಐದಂಕಿಯ ಸಂಖ್ಯೆಗಳು ಮೊದಲು ಬಂದವು, ಅನಂತರ 17, ಆಮೇಲೆ 16. ಸಣ್ಣ ಸಂಖ್ಯೆ ಹಳೆಯದೆಂದು ನಂಬಿದವನು ಕಾಲವನ್ನೇ ತಿರುಗುಮುರುಗು ಮಾಡಿರುತ್ತಾನೆ.

ಹಾಗಾಗಿ ‘ಡಬ್ಲ್ಯುಡಿಎಂ-2’ ಎಂಬ ಎಂಜಿನ್ ಹಳಿಯ ಮೇಲೆ ಎಂದೂ ಓಡಲಿಲ್ಲ. ಓಡಿದ್ದು ಇಂಥ ಸಂಖ್ಯೆಯ, ಇಂಥ ಶೆಡ್ಡಿನ, ಇಂಥ ವರ್ಷದ ಎಂಜಿನ್. ವೈದ್ಯವೃತ್ತಿಯಲ್ಲಿ ನಾವು ಮೊದಲು ಕಲಿಯುವ ಪಾಠವೂ ಇದೇ: ಪಠ್ಯಪುಸ್ತಕದಲ್ಲಿರುವುದು ಕಾಯಿಲೆ, ಮಂಚದ ಮೇಲಿರುವುದು ರೋಗಿ.

ಇನ್ನು ಸಾಕ್ಷಿಗಳ ವಿಚಾರ. ಕಾರ್ಖಾನೆಯ ನಕ್ಷೆ ಅಳತೆಗೆ ಬೇಕೇ ಬೇಕು, ಆದರೆ ಅದು ಹೇಳುವುದು ಕಟ್ಟಬೇಕೆಂದಿದ್ದನ್ನು. ಶೆಡ್ಡಿನ ಮೇಸ್ತ್ರಿ ಹತ್ತು ವರ್ಷದ ಬಳಿಕ ಬದಲಿಸಿದ್ದನ್ನಲ್ಲ. ವಸ್ತುಸಂಗ್ರಹಾಲಯದ ಎಂಜಿನ್ ಇನ್ನೂ ಅಪಾಯಕಾರಿ ಸಾಕ್ಷಿ. ಅದು ಸೇವೆಯ ಕೊನೆಯ ದಿನಗಳ ದೇಹದ ಮೇಲೆ ಮೊದಲ ದಿನಗಳ ಬಣ್ಣ ಹೊತ್ತು ನಿಂತಿರಬಹುದು. ನೆನಪು ಪ್ರೀತಿಗೆ ಒಳ್ಳೆಯದು, ಪ್ರಮಾಣಕ್ಕೆ ಸಾಲದು. ಉಳಿಯುವುದು ದಿನಾಂಕವಿರುವ ಛಾಯಾಚಿತ್ರ. ಅದನ್ನೂ ಓದಲು ಬರಬೇಕು. ಹಳೆಯ ಬಣ್ಣದ ಪ್ರಿಂಟ್‌ಗಳಲ್ಲಿ ನೀಲಿ-ಹಸಿರು ಛಾಯೆ ಮೊದಲು ಮಾಸಿ ಚಿತ್ರವೆಲ್ಲ ಕೆಂಪಡರುವುದುಂಟು. ಆ ಕೆಂಪನ್ನೇ ಎಂಜಿನ್ನಿನ ಬಣ್ಣವೆಂದು ಬಳಿದರೆ ಮಾಸಿದ ಕಾಗದಕ್ಕೆ ಮಾದರಿ ಕಟ್ಟಿದಂತೆ. ದಿನಾಂಕವಿಲ್ಲದಿದ್ದರೂ ಚಿತ್ರದೊಳಗೆ ಸುಳಿವು ಇರುತ್ತದೆ. ಎಂಜಿನ್ನಿನ ಮುಂಭಾಗದಲ್ಲಿ ಸುರುಳಿಗೆರೆಯ ಒಂದು ದಪ್ಪ ಕೊಳವೆ ಮಾತ್ರ ಇದ್ದರೆ ವ್ಯಾಕ್ಯೂಮ್ ಬ್ರೇಕ್. ಅದರ ಪಕ್ಕದಲ್ಲಿ ತೆಳುವಾದ ಕೊಳವೆಗಳೂ ತೂಗುತ್ತಿದ್ದರೆ ಏರ್ ಬ್ರೇಕ್ ಸೇರಿದ ಮೇಲಿನ ಚಿತ್ರ.

ಈ ಕಣ್ಣಿನಿಂದ ನೋಡಿದರೆ ಮಾದರಿಗಳ ಲೋಪಗಳು ಎರಡು ಬಗೆ. ಒಂದು, ಗೊತ್ತಿದ್ದೇ ಮಾಡಿಕೊಂಡ ರಾಜಿ. 1:87ರ ಪ್ರಮಾಣದಲ್ಲಿ ಭಾರತದ 1,676 ಮಿ.ಮೀ. ಹಳಿ ಸುಮಾರು 19.3 ಮಿ.ಮೀ. ಅಗಲವಿರಬೇಕು. ಅಂಗಡಿಯಲ್ಲಿ ಸಿಗುವ ಹಳಿ ಅಮೆರಿಕ, ಯುರೋಪುಗಳ ಅಗಲಕ್ಕೆ ತಕ್ಕ 16.5 ಮಿ.ಮೀ. ಎಂಜಿನ್ ಸ್ವಲ್ಪ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಇದು ಕ್ಷಮ್ಯ, ಯಾರನ್ನೂ ವಂಚಿಸುವುದಿಲ್ಲ. ಇನ್ನೊಂದು ಬಗೆ ಸುಳ್ಳು. ಈ ಎಂಜಿನ್ನಿನ ಮೂರು ಗಾಲಿ-ಅಚ್ಚುಗಳ ನಡುವಿನ ಅಂತರ ಸಮವಲ್ಲ. ಬೇರೆ ಎಂಜಿನ್ನಿನ ಸಮ ಅಂತರದ ಚೌಕಟ್ಟನ್ನು ಕೆಳಗಿಟ್ಟರೆ ನಡಿಗೆಯೇ ಬೇರೆಯವರದಾಗುತ್ತದೆ. ಸಾಮಾನ್ಯ ಮೂತಿಯ ಮಾದರಿಗೆ ಜಂಬೊದ ಸಂಖ್ಯೆ ಹಚ್ಚುವುದು, 1965ರ ಬಣ್ಣಕ್ಕೆ 1990ರ ಕೊಳವೆ ಜೋಡಿಸುವುದು ಅದೇ ಜಾತಿಯವು. ಸಂಖ್ಯೆ ಬರೆಯದೆ ಬಿಟ್ಟ ಮಾದರಿ ಇದಕ್ಕಿಂತ ಪ್ರಾಮಾಣಿಕ. ಕೈಚಳಕ ಎಷ್ಟೇ ಇರಲಿ, ಎಂದೂ ಇಲ್ಲದ ಎಂಜಿನ್ನನ್ನು ಇತ್ತೆಂದು ತೋರಿಸುವ ಮಾದರಿಯನ್ನು ಉತ್ತಮವೆನ್ನಲು ನನಗೆ ಮನಸ್ಸಾಗದು.

ಈಗ ಕಂಪ್ಯೂಟರ್ ಮಸುಕಾದ ಚಿತ್ರವನ್ನು ಸ್ಪಷ್ಟಗೊಳಿಸಿ ಕೊಡುತ್ತದೆ. ಆದರೆ ಇಲ್ಲದ ವಿವರವನ್ನು ಅದು ಕಂಡುಹಿಡಿಯುವುದಿಲ್ಲ, ಊಹಿಸಿ ತುಂಬುತ್ತದೆ. ಮೂಲಪ್ರತಿಯನ್ನು ದಯವಿಟ್ಟು ಎಸೆಯಬೇಡಿ.

ಕೊನೆಗೊಂದು ಬಿನ್ನಹ. ನಮ್ಮ ಎಷ್ಟೋ ಮನೆಗಳ ಆಲ್ಬಮ್ಮುಗಳಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಹೋಲ್ಡಾಲು, ಟ್ರಂಕು ಇಟ್ಟುಕೊಂಡು ನಿಂತ ಅಜ್ಜಿ-ತಾತ, ಮಾವ-ಅತ್ತೆಯರ ಚಿತ್ರಗಳಿವೆ. ಅವರ ಹಿಂದೆ ಅರ್ಧ ಎಂಜಿನ್ ಇರಬಹುದು. ಸ್ಕ್ಯಾನ್ ಮಾಡುವಾಗ ಅದನ್ನು ಕತ್ತರಿಸಬೇಡಿ. ಊರು ಯಾವುದು, ವರ್ಷ ಯಾವುದು, ಯಾರ ಮದುವೆಗೆ ಹೊರಟಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಮದುವೆಯ ವರ್ಷ ತಿಳಿದರೆ ಎಂಜಿನ್ನಿನ ವರ್ಷ ತಿಳಿಯುತ್ತದೆ. ಹೇಳುವವರು ಇರುವಾಗಲೇ ಕೇಳಬೇಕಷ್ಟೆ.